ಹಳೇ ಅರದಿಂದ ಒಂದು ಉಳಿ

ಅಮ್ಮನ ಮೆಟ್ಟುಗತ್ತಿಯ, ಅಂದರೆ ಈಳಿಗೆಯ ಮಣೆಗೆ ಗೆದ್ದಲು ಹತ್ತಿತ್ತು. ಅಟ್ಟದ ಮೇಲೆ ಒಂದು ಹಲಸಿನ ಹಲಗೆ ಇತ್ತು, ಹೊಸ ಮಣೆ ಮಾಡೋಣ ಅಂತ ಕೂತೆ. ಕತ್ತಿಯ ಬುಡ ಕೂರಿಸಲು ಕಾಲು ಇಂಚಿನ ತೂತು ಬೇಕು. ನನ್ನ ಹತ್ತಿರ ಇದ್ದ ಉಳಿಗಳಲ್ಲಿ ಅರ್ಧ ಇಂಚಿನದೇ ಸಣ್ಣದು. ಪೇಟೆಯಿಂದ ಒಂದು ಕಿರಿದಾದ ಉಳಿ ತಂದೆ. ನಾಲ್ಕು ಪೆಟ್ಟು ಹಾಕುವಷ್ಟರಲ್ಲಿ ಅದರ ಬಾಯಿ ಮಡಚಿಕೊಂಡಿತು.

ಹಿಂದೊಮ್ಮೆ ಸಾಗರದಲ್ಲಿ ಗುಡಿಗಾರರು ಗಂಧದ ಕೆತ್ತನೆ ಮಾಡುವುದನ್ನು ನೋಡಿದ್ದೆ. ಅವರ ಮುಂದೆ ಹರಡಿದ್ದ ಉಳಿಗಳಲ್ಲಿ ಒಂದರ ಹಾಗೆ ಇನ್ನೊಂದಿರಲಿಲ್ಲ. ಆ ನೆನಪಲ್ಲೇ ಹಳೇ ಸಾಮಾನಿನ ಡಬ್ಬಿ ಸುರುವಿದೆ. ಕಬ್ಬಿಣ ಉಜ್ಜುವ, ಕಾಲು ಇಂಚಿನ ಚೌಕದ ಅರ (ಫೈಲು) ಎರಡು ಸಿಕ್ಕವು, ಹಲ್ಲು ಸವೆದವು. ಹಳೇ ಕಾಲದ ಒಳ್ಳೆ ಅರ ಪೂರ್ತಿ ಗಟ್ಟಿ ಉಕ್ಕು. ಈಗ ಸಿಗುವ ಅಗ್ಗದ್ದರಲ್ಲಿ ಕೆಲವಕ್ಕೆ ಮೇಲ್ಮೈ ಮಾತ್ರ ಗಟ್ಟಿ, ಉಳಿಗೆ ಆಗುವುದಿಲ್ಲ.

ಅರದ ಉಕ್ಕು ಇದ್ದ ಹಾಗೇ ಉಜ್ಜಲು ಬರುವುದಿಲ್ಲ, ಮೊದಲು ಮೆತ್ತಗಾಗಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಬಚ್ಚಲ ಒಲೆ ಆರುವುದೇ ಇಲ್ಲ ಅಲ್ವಾ? ಸಂಜೆ ಅದರ ಕೆಂಡದಲ್ಲಿ ಎರಡನ್ನೂ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತುಬಿಟ್ಟೆ. ಬೆಳಗ್ಗೆ ತೆಗೆದರೆ ಬೇರೆ ಅರ ಸಲೀಸಾಗಿ ಹಿಡಿಯಿತು. ಬಾಯಿಗೆ 30 ಡಿಗ್ರಿ ಇಳಿಜಾರು ಕೊಟ್ಟೆ. ಹಲಸಿಗೆ ಕೊಡತಿಯಿಂದ ಹೊಡೆಯುವ ಉಳಿ, ಅದಕ್ಕಿಂತ ತೆಳು ಮಾಡಿದರೆ ಬಾಯಿಯೇ ಚಕ್ಕೆ ಏಳುತ್ತದೆ.

ಆಮೇಲೆ ಹದ ಕೊಡುವುದು, ಅಂದರೆ ಮೆತ್ತಗಾದ ಉಕ್ಕನ್ನು ಮತ್ತೆ ಗಟ್ಟಿ ಮಾಡುವುದು. ಚಿಪ್ಪಿನ ಇದ್ದಿಲು, ಅಕ್ಕನ ಹೇರ್ ಡ್ರೈಯರ್‌ಗೆ ಸಿಕ್ಕಿಸಿದ ಕಬ್ಬಿಣದ ಪೈಪು, ಇಷ್ಟೇ ನನ್ನ ಕುಲುಮೆ. ತುದಿಯ ಒಂದೂವರೆ ಇಂಚು ಮಾತ್ರ ಕಾಯಿಸಿದೆ. ಎಷ್ಟು ಕಾದಿದೆ ಅಂತ ಬಣ್ಣ ನೋಡಿ ಹೇಳುವ ಕಣ್ಣು ನನಗಿಲ್ಲ. ಕೆಟ್ಟುಹೋದ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿಕೊಂಡಿದ್ದೆ. 750 ಡಿಗ್ರಿ ಆಸುಪಾಸಿನಲ್ಲಿ ಉಕ್ಕು ಅದಕ್ಕೆ ಅಂಟುವುದಿಲ್ಲ. ಅಂಟು ಬಿಟ್ಟ ಮೇಲೆ ಇನ್ನೊಂಚೂರು ಕಾಯಿಸಿ, ಪಕ್ಕದ ಬಕೆಟ್ ನೀರಿಗೆ ಅದ್ದಿದೆ. ಟಿಣ್ ಅಂತ ಸದ್ದು. ತೆಗೆದು ನೋಡಿದರೆ ಕೂದಲೆಳೆಯಷ್ಟು ಬಿರುಕು.

ಊರಿನ ಆಚಾರ್ರಿಗೆ ತೋರಿಸಿದೆ. "ಹಲ್ಲು ಪೂರ್ತಿ ಉಜ್ಜಿಲ್ವಲ್ಲ ಮಾರಾಯ್ರೆ, ಬಿರುಕು ಹುಟ್ಟೋದು ಅಲ್ಲೇ. ಮೇಲಿಂದ ತಣ್ಣೀರು ಬೇರೆ!" ಅಂದರು.

ಎರಡನೇ ಅರದ ನಾಲ್ಕೂ ಮೈ ನುಣ್ಣಗಾಗುವ ತನಕ ಉಜ್ಜಿದೆ. ಈ ಸಲ ಬೆಚ್ಚಗೆ ಕಾಯಿಸಿದ ಎಣ್ಣೆಗೆ ಅದ್ದಿದೆ. ಸದ್ದಿಲ್ಲ, ಬರೀ ಹೊಗೆ. ಆದರೆ ಈ ಸ್ಥಿತಿಯಲ್ಲಿ ಉಕ್ಕು ಗಾಜಿನ ಹಾಗೆ, ಕೆಳಗೆ ಬಿದ್ದರೂ ಒಡೆಯಬಹುದು. ಆ ಪೆಡಸು ಇಳಿಸಲು ತುದಿಯನ್ನು ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ, ಹಿಡಿಯ ಕಡೆಯಿಂದ ನಿಧಾನಕ್ಕೆ ಬಿಸಿ ಮಾಡಿದೆ. ಹೊಳಪಿನ ಮೇಲೆ ಬಣ್ಣ ಹರಿದು ಬರುತ್ತದೆ: ಮುಂದೆ ತಿಳಿ ಹಳದಿ, ಅದರ ಹಿಂದೆ ಕಂದು, ಆಮೇಲೆ ನೇರಳೆ, ನೀಲಿ. ಬಾಯಿಗೆ ಒಣಹುಲ್ಲಿನ ಬಣ್ಣ ಬಂದ ಕೂಡಲೇ ನೀರಿಗೆ ಹಾಕಿದೆ. ಆ ಬಣ್ಣ ಬರುವುದು ಸುಮಾರು 230 ಡಿಗ್ರಿಗೆ. ನೀಲಿ ಬಾಯಿಗೆ ತಲುಪಿದರೆ ಉಳಿ ಮೆತ್ತಗಾಗಿ, ಮೊದಲಿಂದ ಶುರು ಮಾಡಬೇಕು. ಇಡೀ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಐದು ನಿಮಿಷ ಇದು.

ಹಿಡಿಗೆ ಒಣಗಿದ ಪೇರಲೆ ಕೊಂಬೆ. ನನ್ನ ಅಂಗೈ ಸಣ್ಣದು, ಅಂಗಡಿಯ ಹಿಡಿಗಳು ಯಾವತ್ತೂ ದಪ್ಪ ಅನಿಸುತ್ತಿದ್ದವು. ಇದನ್ನು ಹಿಡಿದು ಹಿಡಿದು ನೋಡಿ ಕೆತ್ತಿದೆ. ಹೆಬ್ಬೆರಳು ಕೂರುವಲ್ಲಿ ಚಪ್ಪಟೆ ಮಾಡಿದ್ದರಿಂದ ಉಳಿ ಓರೆ ಆದರೆ ಕೈಗೇ ಗೊತ್ತಾಗುತ್ತದೆ. ಸೀಳದ ಹಾಗೆ ತುದಿಗೆ ಹಿತ್ತಾಳೆ ಪೈಪಿನ ಬಳೆ ಹಾಕಿದೆ.

ತೂತು ಪೂರ್ತಿ ಆಗುವವರೆಗೆ ಒಂದೇ ಸಲ ಸಾಣೆಗೆ ಹಿಡಿದದ್ದು. ಮಣೆ ಈಗ ಅಡುಗೆಮನೆಯಲ್ಲಿದೆ. ಉಳಿಯನ್ನು ತೆಂಗಿನೆಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ, ಇಲ್ಲದಿದ್ದರೆ ಈ ಮಳೆಗೆ ಎರಡೇ ದಿನದಲ್ಲಿ ತುಕ್ಕು. ಬಿರುಕು ಬಿಟ್ಟದ್ದನ್ನು ಪೇಂಟ್ ಡಬ್ಬಿ ಮುಚ್ಚಳ ತೆಗೆಯಲು ಇಟ್ಟುಕೊಂಡಿದ್ದೇನೆ.