ಹೊಸ ಡೆಸ್ಕ್‌ಟಾಪ್ ಪದೇಪದೇ ಕೈಕೊಡುತ್ತಿದೆಯೇ? ಮೊದಲು ಕರೆಂಟು ನೋಡಿ

ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ ಕಂಪ್ಯೂಟರು ಪದೇಪದೇ ನಿಂತುಹೋದರೆ, ಅದನ್ನು ಕಟ್ಟಿಕೊಂಡು ಮತ್ತೆ ಬಸ್ಸು ಹತ್ತುವ ಮುಂಚೆ ಅದು ಹೇಗೆ ನಿಲ್ಲುತ್ತಿದೆ ಎಂದು ಗಮನಿಸಿ. ಬ್ಲೂ ಸ್ಕ್ರೀನ್ ಬಂದರೆ ಹೆಚ್ಚಾಗಿ ರ‍್ಯಾಮ್ ಅಥವಾ ಡ್ರೈವರ್. ಸ್ವಿಚ್ ಆರಿಸಿದ ಹಾಗೆ ಫಕ್ಕನೆ ಆಫ್ ಆದರೆ ಕರೆಂಟು, ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಕರೆಂಟು ಒದಗಿಸುವ ಡಬ್ಬ) ಇಲ್ಲವೇ ಬಿಸಿ.

ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಕಂಡ ಕೂಡಲೇ ಎಸ್‌ಎಂಪಿಎಸ್ ಹೋಯಿತು ಎನ್ನುವವರೇ ಜಾಸ್ತಿ. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎನ್ನುವುದಷ್ಟೇ ಅದರ ಅರ್ಥ. ವಿವರದಲ್ಲಿ ಬಗ್‌ಚೆಕ್ ಕೋಡ್ (ದೋಷದ ಸಂಖ್ಯೆ) 0 ಎಂದಿದ್ದರೆ ದೋಷ ಬರೆದಿಡಲೂ ವಿಂಡೋಸ್‌ಗೆ ಪುರಸೊತ್ತು ಸಿಕ್ಕಿಲ್ಲ; ಆಗ ಕರೆಂಟಿನ ಕಡೆ ತಿರುಗಿ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ತ್ರೀಫೇಸ್ ಬಂದು ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದಾಗ ಮನೆಯ ಬಲ್ಬು ಮಂಕಾಗುತ್ತದಲ್ಲ, ಕಂಪ್ಯೂಟರು ನಿಲ್ಲುವುದೂ ಅದೇ ಹೊತ್ತಿಗಾ? ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್ ಓದಿ. 100–240 ವೋಲ್ಟ್ ಎಂದಿದ್ದರೆ ಇಳಿತ ತಾಳಿಕೊಳ್ಳುತ್ತದೆ. 200–240 ಎಂದಷ್ಟೇ ಇದ್ದರೆ ವೋಲ್ಟೇಜ್ 170ಕ್ಕೆ ಬಿದ್ದಾಗ ಅದು ಆಫ್ ಆಗುವುದು ಸಹಜ. ಸ್ಟೆಬಿಲೈಸರ್ ಇರುವ ಯುಪಿಎಸ್ ಬೇಕು. ಮನೆಯ ಇನ್ವರ್ಟರ್‌ಗೇ ಜೋಡಿಸಿದ್ದರೆ ಅದರ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ಇಕೋ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವಾಗ ಆಗುವ ತಡ ಫ್ಯಾನಿಗೆ ಗೊತ್ತೇ ಆಗುವುದಿಲ್ಲ, ಆದರೆ ಪೂರ್ತಿ ಲೋಡ್‌ನಲ್ಲಿರುವ ಎಸ್‌ಎಂಪಿಎಸ್ ಕರೆಂಟಿಲ್ಲದೆ ತಡೆಯುವುದು ಸುಮಾರು 16 ಮಿಲಿಸೆಕೆಂಡ್. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಅದಕ್ಕೆ ಕಂಪ್ಯೂಟರು ಜೋಡಿಸದಿರುವುದೇ ಒಳ್ಳೆಯದು.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತಿದ್ದರೆ ಅರ್ಥಿಂಗ್ ಸರಿಯಿಲ್ಲ. ಎಲೆಕ್ಟ್ರಿಷಿಯನ್‌ರನ್ನು ಕರೆದು ಸಾಕೆಟ್ಟಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. ಎರಡು ಮೂರು ವೋಲ್ಟ್ ದಾಟಬಾರದು. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗುತ್ತದೆ, ನೀರು ಹಾಕಿಸಿ.

ಕರೆಂಟು ಸರಿಯಿದ್ದರೆ ರ‍್ಯಾಮ್. ಎರಡು ಸ್ಟಿಕ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟಿಗೆ ಹಾಕುವುದು ಬಹುತೇಕ ಬೋರ್ಡ್‌ಗಳ ಕ್ರಮ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಓಡುವ ಬೋರ್ಡಿನ ತಂತ್ರಾಂಶ) ಮೆಮೊರಿಯ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಸೆಟ್ಟಿಂಗ್ ಆಫ್ ಮಾಡಿ ಒಂದು ದಿನ ಓಡಿಸಿ. ತೊಂದರೆ ನಿಂತರೆ ತಪ್ಪು ವೇಗದ್ದು. 6000 ಇದ್ದದ್ದನ್ನು 5600ಕ್ಕೆ ಇಳಿಸಿ ನೋಡಿ. ನಿಲ್ಲದಿದ್ದರೆ ಪೆನ್‌ಡ್ರೈವ್‌ನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ನಾಲ್ಕೂ ಪಾಸ್ (ಸುತ್ತು) ಮುಗಿಯಲು ಬಿಡಿ. ಒಂದೇ ಒಂದು ದೋಷ ಕಂಡರೂ ಪಾಸಾಯಿತು ಎನ್ನುವಂತಿಲ್ಲ. ಆಮೇಲೆ ಒಂದೊಂದೇ ಸ್ಟಿಕ್ಕನ್ನು ಅದೇ ಸ್ಲಾಟಿನಲ್ಲಿ ಪರೀಕ್ಷಿಸಿದರೆ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ. ಡಿಡಿಆರ್5 ಬಗೆಯ ಮೆಮೊರಿ ಹಾಕುವ ಬೋರ್ಡ್‌ಗಳು ಮೊದಲ ಸಲ ಆನ್ ಆದಾಗ ಹಲವು ನಿಮಿಷ ಕಪ್ಪು ಪರದೆ ತೋರಿಸುತ್ತವೆ, ಗಾಬರಿಯಾಗಿ ಸ್ವಿಚ್ ಆರಿಸಬೇಡಿ.

ಗೇಮ್ ಆಡುವಾಗ ಮಾತ್ರ ನಿಂತರೆ ಗ್ರಾಫಿಕ್ಸ್ ಕಾರ್ಡಿನ ಎರಡು ಸಾಕೆಟ್ಟಿಗೆ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ. ಒಂದೇ ಕೇಬಲ್ಲಿನ ಕವಲು ಸಾಲದೆ ಹೋಗಬಹುದು. ಕೂಲರ್ ಅಡಿಯ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ? ಎಎಂಡಿಯ ರೈಜೆನ್ 7000 ಸಾಲಿನ, ಹೆಸರಿನ ಕೊನೆಗೆ ಎಕ್ಸ್ ಇರುವ ಪ್ರೊಸೆಸರ್‌ಗಳು ಪೂರ್ತಿ ಹೊರೆಯಲ್ಲಿ 95 ಡಿಗ್ರಿ ತೋರಿಸಿದರೆ ಅದು ವಿನ್ಯಾಸವೇ, ಆದರೆ ಸುಮ್ಮನಿದ್ದಾಗಲೂ 80 ಇದ್ದರೆ ಕೂಲರ್ ಸರಿಯಾಗಿ ಕೂತಿಲ್ಲ.

ಇಂಟೆಲ್ 13 ಅಥವಾ 14ನೇ ತಲೆಮಾರಿನ ಐ7, ಐ9 ಇದ್ದರೆ 2024ರ ಕೊನೆಯ ನಂತರದ ಬಯೋಸ್ ಹಾಕಿ. ಆ ಚಿಪ್‌ಗಳಿಗೆ ವೋಲ್ಟೇಜ್ ಮಿತಿಮೀರುತ್ತಿದ್ದುದನ್ನು ಇಂಟೆಲ್ ಒಪ್ಪಿಕೊಂಡು, ಡಬ್ಬದಲ್ಲಿ ಮಾರಿದವುಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದೆ. ಈಗಾಗಲೇ ಹಾಳಾದ ಚಿಪ್ಪನ್ನು ಬಯೋಸ್ ರಿಪೇರಿ ಮಾಡುವುದಿಲ್ಲ. ಅಪ್‌ಡೇಟ್ ಯುಪಿಎಸ್ ಮೇಲೇ ಮಾಡಿ, ಮಧ್ಯೆ ಕರೆಂಟು ಹೋದರೆ ಬೋರ್ಡ್‌ಗೇ ಕುತ್ತು.

ಬೋರ್ಡನ್ನು ವಾರಂಟಿಗೆ ಒಯ್ಯಬೇಕಾಗಿ ಬಂದರೆ ಪ್ರೊಸೆಸರ್ ಸಾಕೆಟ್ಟಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಒಯ್ಯಿರಿ. ಪಿನ್ನು ಬಾಗಿದ್ದರೆ ಕೌಂಟರಿನಲ್ಲೇ ವಾಪಸ್ ಕಳಿಸುತ್ತಾರೆ.