ಶಾಲೆಗೆ ಹಾರ್ಮೋನಿಯಂ ಬೇಕು: ಹಣ ಎಲ್ಲಿ, ಹೇಗೆ ಕೇಳುವುದು?

ಹಣ ಕೇಳಲು ಹೊರಟ ಸಂಗೀತ ಶಿಕ್ಷಕರ ಕಣ್ಣು ಮೊದಲು ಹೋಗುವುದು ದೊಡ್ಡ ಕಂಪನಿಗಳ ಕಡೆಗೆ. ಹತ್ತಿರದಿಂದ ಶುರು ಮಾಡಿ, ಸಣ್ಣದನ್ನು ಕೇಳಿ ಎನ್ನುತ್ತೇನೆ ನಾನು. ಕುಮಟಾ ಕಡೆಯ ಸರಕಾರಿ ಪ್ರೌಢಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಾ ನಾನು ಕಂಡುಕೊಂಡ ದಾರಿ ಇದು.

ಬೇಕಾದದ್ದನ್ನು ಹೆಸರು ಹಿಡಿದು ಬರೆಯಿರಿ. 'ಸಂಗೀತ ಶಿಕ್ಷಣಕ್ಕೆ ನೆರವು' ಎಂದರೆ ಓದುವವರಿಗೆ ಏನೂ ಕಾಣುವುದಿಲ್ಲ. 'ಒಂದು ಹಾರ್ಮೋನಿಯಂ, ಒಂದು ಜೊತೆ ತಬಲಾ, ನಾಲ್ಕು ಜೊತೆ ತಾಳ. ಎಂಟು, ಒಂಬತ್ತನೇ ತರಗತಿಗೆ ವಾರಕ್ಕೆ ಎರಡು ಪಿರಿಯಡ್' ಎಂದರೆ ಕಾಣುತ್ತದೆ. ಜೊತೆಗೆ ಹುಬ್ಬಳ್ಳಿ ಅಥವಾ ಧಾರವಾಡದ ಅಂಗಡಿಗಳಿಂದ ಎರಡು ಕೊಟೇಶನ್ ಇಡಿ.

ರಿಪೇರಿ ಖರ್ಚನ್ನೂ ಅದೇ ಪತ್ರದಲ್ಲಿ ಸೇರಿಸಿ. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್ ಬಂತೆಂದರೆ ಗಾಳಿಯಲ್ಲೇ ನೀರು. ತಬಲಾದ ಚರ್ಮ ಸಡಿಲವಾಗಿ ಸ್ವರ ಇಳಿಯುತ್ತದೆ. ಹಾರ್ಮೋನಿಯಂನ ಹಿತ್ತಾಳೆ ರೀಡಿಗೆ ಕಿಲುಬು ಹಿಡಿದು ಶ್ರುತಿ ತಪ್ಪುತ್ತದೆ. ಮರ ಉಬ್ಬಿದರೆ ಒತ್ತಿದ ಕೀ ಮೇಲೆ ಬರುವುದಿಲ್ಲ. ಕೊಡುವವರು ಹೊಸ ವಾದ್ಯವನ್ನು ಖುಷಿಯಿಂದ ಕೊಡುತ್ತಾರೆ, ಆದರೆ ಎರಡು ಮಳೆಗಾಲ ಕಳೆದ ಮೇಲೆ ಅದರ ಗತಿ ಏನು ಎಂದು ಯಾರೂ ಕೇಳುವುದಿಲ್ಲ. ಶ್ರುತಿ ತಪ್ಪಿದ ಪೆಟ್ಟಿಗೆಯ ಜೊತೆ ಹಾಡಿ ಹಾಡಿ ಮಕ್ಕಳ ಕಿವಿ ಕೆಡುವುದು ನನಗೆ ನಿಜಕ್ಕೂ ಸಂಕಟ. ಹಾಗಾಗಿ ಬಾಗಿಲಿರುವ ಕಪಾಟು, ತಬಲಾದ ಪುಡಿ (ಮೇಲಿನ ಚರ್ಮದ ಹೊದಿಕೆ) ಬದಲಿಸುವ ಖರ್ಚು, ವರ್ಷಕ್ಕೊಮ್ಮೆ ಶ್ರುತಿ ಮಾಡಿಸುವ ಕೂಲಿ, ಮೂರನ್ನೂ ಲೆಕ್ಕಕ್ಕೆ ಹಾಕಿ.

ಆಮೇಲೆ ಮುಖ್ಯ ಶಿಕ್ಷಕರ ಮೂಲಕ ವಿಷಯವನ್ನು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸಭೆಗೆ ತಂದು ಠರಾವು ಮಾಡಿಸಿ. ಹಣ ಶಾಲೆಯ ಖಾತೆಗೇ ಬರಬೇಕು, ಶಿಕ್ಷಕರ ಕೈಗಲ್ಲ. ಸರಕಾರದ 'ಸಮಗ್ರ ಶಿಕ್ಷಣ' ಯೋಜನೆಯ ಶಾಲಾ ಅನುದಾನವನ್ನೂ ಅಲ್ಲೇ ಕೇಳಿ ನೋಡಿ. 100ಕ್ಕಿಂತ ಹೆಚ್ಚು, 250ರ ಒಳಗೆ ಮಕ್ಕಳಿದ್ದರೆ ಅದರ ಮಿತಿ ವರ್ಷಕ್ಕೆ 50,000 ರೂಪಾಯಿ. ಕರೆಂಟ್ ಬಿಲ್, ನೀರು, ಸ್ವಚ್ಛತೆ ಎಲ್ಲವೂ ಅದರಲ್ಲೇ ಆಗಬೇಕು. ಜಾಸ್ತಿ ಸಿಗುವುದಿಲ್ಲ, ತಾಳದ ಜೊತೆಗಳಿಗೆ ಸಾಕಾಗಬಹುದು.

ನನಗೆ ಹೆಚ್ಚು ನಂಬಿಕೆ ಇರುವುದು ಊರಿನ ಸಹಕಾರಿ ಸಂಘದ ಮೇಲೆ. ನಮ್ಮ ಜಿಲ್ಲೆಯಲ್ಲಿ ಸಂಘ ಇಲ್ಲದ ಊರು ಕಡಿಮೆ, ಅಲ್ವಾ? ಲಾಭದ ಸ್ವಲ್ಪ ಪಾಲನ್ನು ಊರ ಕೆಲಸಕ್ಕೆ ಕೊಡುವ ಸಂಘಗಳಿವೆ. ವಾರ್ಷಿಕ ಸಭೆ ಸೆಪ್ಟೆಂಬರಿನಲ್ಲಿ ಮುಗಿಯುತ್ತದೆ, ಆದ್ದರಿಂದ ಜುಲೈಯಲ್ಲೇ ಅರ್ಜಿ ಕೊಡಿ. ಆಡಳಿತ ಮಂಡಳಿಯಲ್ಲಿ ಭಜನೆಗೆ ಕೂರುವವರೋ ಯಕ್ಷಗಾನದ ಮದ್ದಳೆ ಬಲ್ಲವರೋ ಒಬ್ಬರಾದರೂ ಇರುತ್ತಾರೆ. ಮೊದಲು ಅವರನ್ನು ಕಂಡು ಮಾತಾಡಿ.

ಹೊರಗಿನ ದಾನಿಗಳಿಗೆ ಕೇಂದ್ರ ಸರಕಾರದ ವಿದ್ಯಾಂಜಲಿ ಪೋರ್ಟಲ್ ಇದೆ. ಶಾಲೆಯ ಯುಡೈಸ್ ಸಂಖ್ಯೆ (ಪ್ರತಿ ಶಾಲೆಗೂ ಸರಕಾರ ಕೊಟ್ಟಿರುವ ಗುರುತಿನ ಸಂಖ್ಯೆ) ಹಾಕಿ ನೋಂದಾಯಿಸಿ, ಬೇಕಾದ ವಸ್ತುಗಳನ್ನು ಅಲ್ಲಿ ಹಾಕಬಹುದು. ಆ ಲಿಂಕನ್ನು ಬೆಂಗಳೂರು, ಮುಂಬೈಯಲ್ಲಿರುವ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಕಳಿಸಿ. ಸುಮ್ನೆ ಹಾಕಿಟ್ಟರೆ ಯಾರೂ ನೋಡುವುದಿಲ್ಲ.

ದೊಡ್ಡ ಕಾರ್ಖಾನೆ, ಸ್ಥಾವರಗಳಿರುವ ಕೈಗಾ, ಬಿಣಗಾ, ದಾಂಡೇಲಿ ಸುತ್ತಲಿನವರು ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೂ ಪ್ರಯತ್ನಿಸಿ. ಕಂಪನಿ ಕಾಯ್ದೆ 2013ರ 135ನೇ ಕಲಂ ಪ್ರಕಾರ, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸುತ್ತಲಿನ ಊರುಗಳಿಗೆ ಆದ್ಯತೆ ಕೊಡಬೇಕು ಎಂದೂ ಅದರಲ್ಲಿದೆ. ಟ್ರಸ್ಟ್ ಮೂಲಕ ಹೋಗುವುದಾದರೆ ಅದಕ್ಕೆ ಸಿಎಸ್‌ಆರ್-1 ನೋಂದಣಿ (ಸಿಎಸ್‌ಆರ್ ಹಣ ಪಡೆಯಲು ಸರಕಾರದಲ್ಲಿ ಮಾಡಿಸುವ ನೋಂದಣಿ) ಇದೆಯಾ ನೋಡಿಕೊಳ್ಳಿ. ವಾದ್ಯವನ್ನೇ ಕೊಂಡು ಕೊಡಿ ಎಂದು ಕೇಳುವುದು ಇನ್ನೂ ಸುಲಭ.

ಚೆನ್ನಾಗಿ ಹಾಡುವ ಮಗು ಇದ್ದರೆ ಅದರ ಹೆಸರಿನಲ್ಲೇ ಸಿಸಿಆರ್‌ಟಿ (ಕೇಂದ್ರ ಸರಕಾರದ ಸಾಂಸ್ಕೃತಿಕ ತರಬೇತಿ ಸಂಸ್ಥೆ) ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸಿ. 10ರಿಂದ 14 ವಯಸ್ಸಿನವರಿಗೆ ಅದು. ಪಾಲಕರಿಗೆ ಇದು ಗೊತ್ತೇ ಇರುವುದಿಲ್ಲ, ನಾವೇ ಹೇಳಬೇಕು.

ವಾದ್ಯ ಬಂದ ದಿನವೇ ಸ್ಟಾಕ್ ರಿಜಿಸ್ಟರಿಗೆ ಏರಿಸಿ. ಬಿಲ್ಲಿನ ಪ್ರತಿ, ಫೋಟೊ ಎರಡನ್ನೂ ನೆರವು ಕೊಟ್ಟವರಿಗೆ ಕಳಿಸಿ. ಮಕ್ಕಳು ಎರಡು ಹಾಡು ಕಲಿತ ಕೂಡಲೇ ಆ ದಾನಿಗಳನ್ನು ಶಾಲೆಗೆ ಕರೆದು ಕೇಳಿಸಿ. ಪುಡಿ ಬದಲಿಸಲು ಮುಂದಿನ ವರ್ಷ ಕೇಳಬೇಕಾದದ್ದು ಅವರನ್ನೇ.