ಮಳೆಗಾಲದಲ್ಲೇ ಮಾತು ರೆಕಾರ್ಡ್ ಮಾಡಿದೆ: ಅಡಿಕೆ ಮನೆಯಲ್ಲಿ ನನ್ನ ಅನುಭವ

ಜುಲೈ ತಿಂಗಳಲ್ಲಿ ಹೆಂಚಿನ ಮನೆಯೊಳಗೆ ಮಾತು ರೆಕಾರ್ಡ್ ಆಗುವುದೇ ಇಲ್ಲ, ಶಿವಮೊಗ್ಗದಲ್ಲಿ ಸ್ಟುಡಿಯೋ ಹಿಡಿದು ಡಬ್ ಮಾಡಿಸು ಅಂತ ಕ್ಲಾಸಿನವರೆಲ್ಲ ಹೇಳಿದ್ದರು. ನನ್ನ ಕಾಲೇಜು ಪ್ರಾಜೆಕ್ಟ್ ಅಡಿಕೆ ಕೊಳೆರೋಗದ ಮೇಲೊಂದು ಸಣ್ಣ ಸಾಕ್ಷ್ಯಚಿತ್ರ. ಮಳೆಯೇ ಅದರ ಕಥೆ, ಮಳೆ ಬಿಡುವ ತನಕ ಕಾಯುವುದು ಹೇಗೆ?

ತೀರ್ಥಹಳ್ಳಿ ಹತ್ತಿರ ಅತ್ತೆ ಮನೆ ತೋಟ. ಮರ ಹತ್ತಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕೊನೆಗಾರಜ್ಜ ಮಾತಿಗೆ ಒಪ್ಪಿದರು. ಮೊದಲ ದಿನ ಕ್ಯಾಮೆರಾ ಮೈಕನ್ನೇ ನಂಬಿದೆ. ಎಂಟು ಅಡಿ ದೂರ ಇಟ್ಟಿದ್ದೆ, ಬಂದದ್ದು ಬರೀ ಮಳೆ. ಎರಡನೇ ಸಲ, ನೇರ ಮುಂದಿನ ಶಬ್ದವನ್ನೇ ಹೆಚ್ಚು ಹಿಡಿಯುವ ಶಾಟ್‌ಗನ್ ಮೈಕ್ ಬಾಡಿಗೆಗೆ ತಂದೆ, ದಿನಕ್ಕೆ ಸುಮಾರು 600 ರೂಪಾಯಿ, ಮೂರು ದಿನ. ಸಿಮೆಂಟ್ ನೆಲ, ಖಾಲಿ ಗೋಡೆ, ಎಲ್ಲ ಕಡೆಯಿಂದ ಪ್ರತಿಧ್ವನಿ, ದುಡ್ಡು ದಂಡ. ಆಮೇಲೆ ಒಂದು ರಾತ್ರಿ ಪೂರ್ತಿ ಆಡಾಸಿಟಿ ಅನ್ನುವ ಶಬ್ದ ಎಡಿಟ್ ಮಾಡುವ ಸಾಫ್ಟ್‌ವೇರ್‌ನಲ್ಲಿ ನಾಯ್ಸ್ ರಿಡಕ್ಷನ್ ಹಾಕುತ್ತಾ ಕೂತೆ. ಮಳೆ ಕಡಿಮೆ ಆಯಿತು, ಆದರೆ ಅಜ್ಜನ ದನಿ ನೀರೊಳಗಿಂದ ಬಂದ ಹಾಗಾಯಿತು. ಹಾಳಾದ ಶಬ್ದವನ್ನು ಎಡಿಟಿಂಗ್‌ನಲ್ಲಿ ಸರಿಮಾಡಬಹುದು ಅನ್ನುವ ನಂಬಿಕೆ ಅವತ್ತೇ ಬಿಟ್ಟೆ.

ದಾರಿ ತೋರಿಸಿದ್ದು ಅತ್ತೆ. "ಅಟ್ಟದ ಕೆಳಗೆ ಕೂತ್ಕೊಳ್ಳಿ, ಅಲ್ಲಿ ಮಳೆ ಶಬ್ದ ಬರಲ್ಲ" ಅಂದರು. ಹೌದಲ್ವಾ! ಹಲಗೆ ಅಟ್ಟ, ಅದರ ಮೇಲೆ ಸಾಲಾಗಿ ಭತ್ತದ ಮೂಟೆ. ಅಷ್ಟು ಭಾರ ದಾಟಿ ಹೆಂಚಿನ ಸದ್ದು ಅಷ್ಟಾಗಿ ಇಳಿಯುವುದಿಲ್ಲ. ಎರಡು ಗೋಡೆಗೆ ಕಂಬಳಿ ಕಟ್ಟಿದೆ, ನೆಲಕ್ಕೆ ಗೋಣಿ ಹಾಸಿದೆ. 900 ರೂಪಾಯಿಯ ಕಾಲರ್ ಮೈಕು ಬಾಯಿಂದ ಒಂದು ಗೇಣು ಕೆಳಗೆ. ಅದನ್ನು ಅಂಗಿಯೊಳಗೆ ಬಟ್ಟೆ ಉಜ್ಜದ ಹಾಗೆ ಕಟ್ಟುವ ವಿಧಾನ ನಾನೇ ಕಂಡುಕೊಂಡದ್ದು, ಸದ್ಯಕ್ಕೆ ನನ್ನಲ್ಲೇ ಇರಲಿ.

ಕಾಲರ್ ಮೈಕಿನ ಶಬ್ದ ಹಿಡಿಯುವ ಫೋನಿನಲ್ಲಿ ಆಟೋ ಗೇನ್, ಅಂದರೆ ಶಬ್ದದ ಮಟ್ಟವನ್ನು ಫೋನೇ ಏರಿಸಿ ಇಳಿಸುವುದು, ಆಫ್ ಮಾಡಲೇಬೇಕು. ಇಲ್ಲದಿದ್ದರೆ ಅಜ್ಜ ಉಸಿರು ತೆಗೆದುಕೊಳ್ಳಲು ನಿಂತ ಕೂಡಲೇ ಮಳೆ ಎದ್ದು ಬರುತ್ತದೆ. ನಾನು ವೇವ್ ಫೈಲ್, 48 ಕಿಲೋಹರ್ಟ್ಸ್, ಪೀಕ್, ಅಂದರೆ ಮಾತಿನ ಅತಿ ಜೋರು ಮಟ್ಟ, ಮೈನಸ್ 12 ಡೆಸಿಬಲ್ ಆಸುಪಾಸು ಇಟ್ಟೆ. ಕ್ಯಾಮೆರಾದ ಚಿತ್ರಕ್ಕೂ ಫೋನಿನ ಶಬ್ದಕ್ಕೂ ತಾಳೆ ಹಾಕಲು ಮೊದಲಿಗೂ ಕೊನೆಗೂ ಚಪ್ಪಾಳೆ. ಆದರೂ ಇಪ್ಪತ್ತು ನಿಮಿಷದ ಹೊತ್ತಿಗೆ ತುಟಿಗೂ ಮಾತಿಗೂ ಎರಡು ಮೂರು ಫ್ರೇಮ್ ವ್ಯತ್ಯಾಸ ಬಂತು. ಅದಕ್ಕೇ ಆಮೇಲೆ ಐದೈದು ನಿಮಿಷಕ್ಕೆ ನಿಲ್ಲಿಸಿ ಮತ್ತೆ ಚಪ್ಪಾಳೆ ಹೊಡೆದೆ. ಎರಡನೇ ಕ್ಯಾಮೆರಾ ಇನ್ನೊಂದು ಫೋನು, ಅದರ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ, ಕುಣಿಯುತ್ತಿತ್ತು. ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಸಾಫ್ಟ್‌ವೇರ್‌ನಲ್ಲಿ 25ಕ್ಕೆ ಕಟ್ಟಿಹಾಕಿ ಆಮೇಲೆ ಎಡಿಟಿಂಗ್ ಟೈಮ್‌ಲೈನಿಗೆ ಹಾಕಿದೆ. ಶಟರ್ 1/50 ಸೆಕೆಂಡ್, ಇಲ್ಲಾಂದ್ರೆ ಎಲ್‌ಇಡಿ ಬಲ್ಬಿನ ಬೆಳಕು ಚಿತ್ರದಲ್ಲಿ ಪಟ್ಟಿಪಟ್ಟಿಯಾಗಿ ಓಡುತ್ತದೆ.

ಮಧ್ಯದಲ್ಲಿ ಎರಡು ದಿನ ಬರೀ ಮಳೆಯನ್ನೇ ರೆಕಾರ್ಡ್ ಮಾಡಿದೆ. ಅಡಿಕೆ ಹಾಳೆ ಮೇಲೆ ಬೀಳುವ ಹನಿಯ ಸದ್ದು ದಪ್ಪ, ತಗಡಿನ ಮೇಲೆ ಚೂಪು, ಬಾಳೆ ಎಲೆ ಮೇಲೆ ಕೇಳಿದರೆ ಯಾರೋ ಬೆರಳಲ್ಲಿ ತಟ್ಟಿದ ಹಾಗೆ. ಅಜ್ಜನ ಮಾತಿನ ಕೆಳಗೆ ಹಾಳೆಯ ಮಳೆಯನ್ನೇ ಸಣ್ಣಗೆ ಹಾಕಿದೆ. ಮಾತಿನ ಜೊತೆ ಬಂದ ಮಳೆ ಬೇರೆ, ನಾವೇ ಅಳತೆ ನೋಡಿ ಹಾಕಿದ ಮಳೆ ಬೇರೆ. ಜೀರುಂಡೆ ಸದ್ದು ಮಾತ್ರ ಯಾವ ಇಕ್ಯೂಗೂ (ಶಬ್ದದ ದಪ್ಪ-ಚೂಪು ಭಾಗಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವುದು) ಬಗ್ಗಲಿಲ್ಲ, ಸಂಜೆ ಐದಾದ ಮೇಲೆ ಮಾತು ರೆಕಾರ್ಡ್ ಮಾಡುವುದನ್ನೇ ನಿಲ್ಲಿಸಿದೆ.

ನಷ್ಟ ಇನ್ನೊಂದು ಇದೆ, ಲೆನ್ಸಿಗೆ ಬೂಷ್ಟು. ಮೂರು ವಾರ ಬ್ಯಾಗಿನಲ್ಲೇ ಇಟ್ಟಿದ್ದಕ್ಕೆ ಕ್ಲೀನಿಂಗ್‌ಗೆ 1,800 ಹೋಯಿತು. ಈಗ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳಗೆ ಸಿಲಿಕಾ ಜೆಲ್, 150 ರೂಪಾಯಿಯ ಕೆಲಸ.

ಬಾಡಿಗೆ, ಬಸ್ಸು, ಲೆನ್ಸು ಸೇರಿ ಒಟ್ಟು ಆರು ಸಾವಿರದೊಳಗೆ ಮುಗಿಯಿತು. ಹನ್ನೆರಡು ನಿಮಿಷದ ಚಿತ್ರ. ಡಬ್ಬಿಂಗ್ ಒಂದು ಸಾಲೂ ಇಲ್ಲ. ಕಾಲೇಜಿನಲ್ಲಿ ತೋರಿಸಿದಾಗ, ಡಬ್ ಮಾಡಿಸು ಅಂದಿದ್ದ ಗೆಳೆಯನೇ ಯಾವ ಸ್ಟುಡಿಯೋ ಅಂತ ಕೇಳಿದ. ಅಟ್ಟದ ಫೋಟೋ ತೋರಿಸಿದೆ.